ಬಂಗುಡೆ ಬಿಟ್ಟು, ಬಸ್ಸಾರು ಉಂಡು, 42 ಕಿಲೋಮೀಟರ್

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಗೊತ್ತಿರುತ್ತದೆ. ಬಾಡಿಗೆ, ಅಡ್ವಾನ್ಸು, ಬೋರ್ ನೀರೋ ಕಾವೇರಿ ನೀರೋ ಎಂಬ ಮಾತೆಲ್ಲ ಮುಗಿದ ಮೇಲೆ, ಬೀಗದ ಕೈ ಕೊಡುವ ಮುಂಚೆ ಕೇಳುತ್ತಾರೆ: ‘ನೀವು ವೆಜ್ಜಾ, ನಾನ್‌ವೆಜ್ಜಾ?’ ನಾನು ಕುಂದಾಪುರದ ಕಡೆಯವಳು. ನಮ್ಮ ಮನೆಯಲ್ಲಿ ಮೀನನ್ನು ನಾನ್‌ವೆಜ್ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಊಟ, ಅಷ್ಟೇ. ಆದರೆ ಮನೆ ಚೆನ್ನಾಗಿತ್ತು. ಮಹಡಿ ಮೇಲೆ, ಗಾಳಿ ಬೆಳಕು ಧಾರಾಳ, ಕುಕ್ಕರಹಳ್ಳಿ ಕೆರೆಗೆ ನಡೆದೇ ಹೋಗಬಹುದು. ಬೆಳಿಗ್ಗೆ ಓಡುವವಳಿಗೆ ಇನ್ನೇನು ಬೇಕು? ಓನರ್ ಆಂಟಿ ಗುಂಡ್ಲುಪೇಟೆ ಕಡೆಯವರು. ಮಾತು ನೇರ. ‘ಹೊರಗಡೆ ಏನಾದ್ರೂ ತಿನ್ಕೊ ಕೂಸೇ, ಕೇಳಕ್ಕೆ ನಾನ್ಯಾರು? ಈ ಮನೆ ಒಲೆ ಮೇಲೆ ಮಾತ್ರ ಬೇಡ. ಮೊಟ್ಟೆನೂ ಬೇಡ.’

ಬಾಡಿಗೆ ಕೊಡುವವಳು ಏನು ಬೇಯಿಸಬೇಕು ಅಂತ ಇನ್ನೊಬ್ಬರು ಹೇಳುವುದು ನನಗೆ ಈಗಲೂ ಸರಿ ಕಾಣುವುದಿಲ್ಲ. ಆವತ್ತು ಆ ಜಗಳ ಬೇಕಿರಲಿಲ್ಲ. ಒಪ್ಪಿಕೊಂಡೆ.

ಜನವರಿಯ ಮುಂಬೈ ಮ್ಯಾರಥಾನ್ ಓಡಬೇಕೆಂದು ಅಷ್ಟರಲ್ಲೇ ತೀರ್ಮಾನಿಸಿದ್ದೆ. ಕಾಲೇಜಿನಲ್ಲಿ 5,000 ಮೀಟರ್ ಓಡುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಹಾಫ್, ಆಮೇಲೆ ಒಂದು ಫುಲ್ ಮ್ಯಾರಥಾನ್. ಈ ಸಲ ಸಮಯ ಇಳಿಸಬೇಕೆಂಬ ಹಟ ಇತ್ತು. ಕೋಚ್ ವಾರದ ಓಟವನ್ನು 40 ಕಿಲೋಮೀಟರಿನಿಂದ ಮೆಲ್ಲಗೆ 65ಕ್ಕೆ ಏರಿಸುವ ಪಟ್ಟಿ ಕೊಟ್ಟಿದ್ದರು. ಮನೆಯಲ್ಲಿ ಸಾರು, ಸಂಜೆ ಹೊರಗೆ ಹೋಗಿ ಆಮ್ಲೆಟ್ ಎಂಬ ಅರ್ಧಂಬರ್ಧ ಏರ್ಪಾಟು ನನಗೆ ಹಿಡಿಸಲಿಲ್ಲ. ಮಾಡುವುದಾದರೆ ಪೂರ್ತಿ ಮಾಡಿ ನೋಡೋಣ, ಓಟ ಮುಗಿಯುವ ತನಕ ಮೀನು, ಮೊಟ್ಟೆ, ಕೋಳಿ ಯಾವುದೂ ಬೇಡ, ಹಾಲು ಮೊಸರು ಇರಲಿ ಅಂದುಕೊಂಡೆ. ಧರ್ಮ, ಪ್ರಾಣಿದಯೆ ಯಾವುದೂ ಇದರಲ್ಲಿ ಇರಲಿಲ್ಲ. ಬಾಡಿಗೆ ಕರಾರು ಮತ್ತು ಸ್ವಲ್ಪ ಕುತೂಹಲ.

ಶುರು ಮಾಡಿದ ಕಾಲವೂ ಅನುಕೂಲವಾಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮೀನು ತುಟ್ಟಿ, ಸಿಕ್ಕರೂ ಐಸ್‌ನಲ್ಲಿ ಇಟ್ಟದ್ದೇ ಜಾಸ್ತಿ. ಅದರ ಬೆನ್ನಿಗೇ ಶ್ರಾವಣ. ಊರಲ್ಲಿದ್ದರೂ ಆ ದಿನಗಳಲ್ಲಿ ಮೀನು ಕಡಿಮೆಯೇ. ಅದಕ್ಕೆ ಮೊದಮೊದಲು ಏನೂ ಬಿಟ್ಟಂತೆ ಅನ್ನಿಸಲಿಲ್ಲ. ಫೋನಿನಲ್ಲಿ ಅಮ್ಮನಿಗೆ ಮಾತ್ರ ಸಮಾಧಾನ ಇರಲಿಲ್ಲ. ‘ಮೀನ್ ಬಿಟ್ರೆ ಮತ್ತೆಂತ ತಿಂಬುದ್ ಮಾರಾಯ್ತಿ? ಅಷ್ಟ್ ದೂರ ಓಡುಕೆ ತ್ರಾಣ ಬ್ಯಾಡ್ದಾ?’

ಜೊತೆಗೆ ಓಡುವವರು ಕೇಳಿದ್ದೂ ಅದೇ. ಅವರು ‘ತ್ರಾಣ’ ಅನ್ನುವ ಬದಲು ‘ಪ್ರೋಟೀನ್’ ಅಂದರು. ಭಾನುವಾರ ಲಲಿತಮಹಲ್ ರಸ್ತೆಯಲ್ಲಿ ಓಡಿ ಬಂದು ಕಾಫಿಗೆ ಕೂತರೆ ಇದೇ ಚರ್ಚೆ. ಒಬ್ಬರು ಕೊಹ್ಲಿಯ ಹೆಸರು ತೆಗೆದರು. 2018ರಲ್ಲಿ ಕತ್ತಿನ ಮೂಳೆಯ ತೊಂದರೆ, ಯೂರಿಕ್ ಆಸಿಡ್ ಜಾಸ್ತಿ ಅಂತ ಕೊಹ್ಲಿ ಮಾಂಸ ಬಿಟ್ಟದ್ದು ನಿಜ. ಆಮೇಲೆ 2021ರಲ್ಲಿ ತಮ್ಮ ಊಟದಲ್ಲಿ ಮೊಟ್ಟೆ ಇದೆ ಅಂದಾಗ ಜನ ಹಿಡಿದುಕೊಂಡರು. ನಾನು ವೀಗನ್, ಅಂದರೆ ಹಾಲು ಮೊಸರನ್ನೂ ಮುಟ್ಟದವನು, ಅಂತ ಯಾವತ್ತೂ ಹೇಳಿಲ್ಲ ಎಂದು ಅವರೇ ಸ್ಪಷ್ಟ ಮಾಡಬೇಕಾಯಿತು. ಇನ್ನೊಬ್ಬರು ಹಿರಿಯರು, ಈಜುವವರು, ಮರ್ರೆ ರೋಸ್ ಕಥೆ ಹೇಳಿದರು. ಸಸ್ಯಾಹಾರದಲ್ಲೇ ಬೆಳೆದ ಆಸ್ಟ್ರೇಲಿಯಾದ ಹುಡುಗ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 17ನೇ ವಯಸ್ಸಿಗೆ ಮೂರು ಚಿನ್ನ ಗೆದ್ದವನು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅವನು ಏನು ತಿಂದ ಎಂಬುದರಿಂದ ನನ್ನ ಮಧ್ಯಾಹ್ನದ ಡಬ್ಬಿ ತುಂಬುವುದಿಲ್ಲ ಅಲ್ವಾ?

ಹಾಗಾಗಿ ಲೆಕ್ಕಕ್ಕೆ ಕೂತೆ. ಸಾಮಾನ್ಯ ಮನುಷ್ಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಅನ್ನುವುದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಅಳತೆ. ಕ್ರೀಡಾಪಟುಗಳಿಗೆ 1.2ರಿಂದ 2 ಗ್ರಾಂ ಬೇಕು ಎಂದು ಅಮೆರಿಕದ ಕ್ರೀಡಾ ವೈದ್ಯರ ಸಂಸ್ಥೆ ಮತ್ತು ಅಲ್ಲಿನ, ಕೆನಡಾದ ಆಹಾರ ತಜ್ಞರು 2016ರಲ್ಲಿ ಒಟ್ಟಿಗೆ ಹೇಳಿದ್ದಾರೆ. ನನ್ನ ತೂಕ 56 ಕಿಲೋ. 1.6ರಂತೆ ಹಿಡಿದರೆ 90 ಗ್ರಾಂ ಹತ್ತಿರ.

ಕಾಗದದ ಮೇಲೆ ಇದು ಕಷ್ಟವೇ ಅಲ್ಲ. ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ. ಒಂದು ಬಟ್ಟಲು ಮೊಸರು 6. ಒಂದು ಹಿಡಿ ಕಡಲೆಕಾಯಿ ಬೀಜ 7. 50 ಗ್ರಾಂ ಹುರುಳಿಕಾಳು 11. ನೂರು ಗ್ರಾಂ ಹಿಟ್ಟಿನ ರಾಗಿ ಮುದ್ದೆ 7, ಅಷ್ಟೇ ಅಕ್ಕಿಯ ಅನ್ನದಲ್ಲಿ ಇನ್ನೊಂದು 7. ಬೆಳಗಿನ ಇಡ್ಲಿ ಅಥವಾ ದೋಸೆಯಲ್ಲಿ 8. ಇಷ್ಟಕ್ಕೇ 60 ದಾಟಿತು. ಉಳಿದದ್ದಕ್ಕೆ ಸೋಯಾ ಚಂಕ್ಸ್ ಇದೆ. ನೂರು ಗ್ರಾಂ ಒಣ ಚಂಕ್ಸ್‌ನಲ್ಲಿ 50 ಗ್ರಾಂಗೂ ಜಾಸ್ತಿ ಪ್ರೋಟೀನ್. ಅಕ್ಕಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಮೆಥಿಯೋನಿನ್ ಕಡಿಮೆ, ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಇಡ್ಲಿಗೆ ಅಕ್ಕಿ ಉದ್ದು ಸೇರಿಸಿ ರುಬ್ಬಿದವರು ಈ ಲೆಕ್ಕ ಮಾಡಿರಲಿಕ್ಕಿಲ್ಲ, ಆದರೂ ಸರಿ ಬಂದಿದೆ.

ತಟ್ಟೆಯ ಮೇಲೆ ಕಥೆ ಬೇರೆ. ನೂರು ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಎರಡು ಸಣ್ಣ ತುಂಡು, ಊಟದ ಪಕ್ಕದಲ್ಲಿ ಸುಮ್ನೆ ಹೋಗಿಬಿಡುತ್ತದೆ. ಅದೇ 20 ಗ್ರಾಂ ಹುರುಳಿಯಿಂದ ಬೇಕೆಂದರೆ 90 ಗ್ರಾಂ ಒಣ ಕಾಳು ಬೇಯಿಸಬೇಕು. ಬೆಂದರೆ ಎರಡು ಬಟ್ಟಲು ತುಂಬುತ್ತದೆ. ತಿಂದು ಆಫೀಸಿನಲ್ಲಿ ಮೀಟಿಂಗಿಗೆ ಕೂತು ನೋಡಿ. ಮುಂದಿನದನ್ನು ಬರೆಯುವುದು ಬೇಡ.

ಹೊಟ್ಟೆ ತುಂಬುತ್ತಿತ್ತು, ತೂಕ ಮಾತ್ರ ಇಳಿಯಿತು. ಸೊಪ್ಪು, ಕಾಳು, ಮುದ್ದೆ ಎಲ್ಲದರಲ್ಲೂ ನಾರು. ಬೇಕಾದಷ್ಟು ಕ್ಯಾಲರಿ ಸೇರುವ ಮೊದಲೇ ಸಾಕು ಅನ್ನಿಸುತ್ತಿತ್ತು. ಪ್ರೋಟೀನ್ ಎಲ್ಲಿಂದ ಅಂತ ಎಲ್ಲರೂ ಕೇಳಿದರು. ಇಷ್ಟೊಂದು ಊಟ ಹೊಟ್ಟೆಯಲ್ಲಿ ಎಲ್ಲಿ ಇಟ್ಟುಕೊಳ್ಳುತ್ತೀಯ ಅಂತ ಯಾರೂ ಕೇಳಲಿಲ್ಲ.

ಇದಕ್ಕೆ ದಾರಿ ಹೊಳೆದದ್ದು ಮೈಸೂರಿನ ಗರಡಿಗಳನ್ನು ನೋಡಿ. ನಮ್ಮ ಬೀದಿಯಲ್ಲಿ ಒಬ್ಬರು ಹಳೇ ಪೈಲ್ವಾನರಿದ್ದಾರೆ. ದಸರಾ ಕುಸ್ತಿಯಲ್ಲಿ ಆಡಿದವರು. ಬಾದಾಮಿ ಅರೆದು ಹಾಲಿಗೆ ಹಾಕಿ, ಮೇಲೊಂದು ಚಮಚ ತುಪ್ಪ ಬಿಟ್ಟು ಕುಡಿಯುತ್ತಿದ್ದ ಕಾಲದ ಮಾತು ಆಡುತ್ತಾರೆ. ಮಟನ್ ಕಾಲು ಸೂಪಿನ ಕಥೆಯೂ ಅವರ ಬಳಿ ಇದೆ ಅನ್ನಿ, ಅದು ಬೇರೆ. ಬಾದಾಮಿ ಹಾಲಿನ ಗುಟ್ಟು ನನಗೆ ಆಗ ಅರ್ಥವಾಯಿತು: ಕಡಿಮೆ ಜಾಗದಲ್ಲಿ ಜಾಸ್ತಿ ಕ್ಯಾಲರಿ. ದಿನಾ ಬಾದಾಮಿ ತಿನ್ನುವಷ್ಟು ಸಂಬಳ ನನಗಿಲ್ಲ. ಕಡಲೆಕಾಯಿ ಬೀಜ ಇದೆಯಲ್ಲ. ಅನ್ನಕ್ಕೆ ಶೇಂಗಾ ಚಟ್ನಿಪುಡಿ, ಮೇಲೆ ತುಪ್ಪ. ಸಂಜೆ ಎರಡು ಚಿಕ್ಕಿ. ಹಾಲನ್ನು ಎರಡು ಹೊತ್ತಿಗೆ ಹಂಚಿದೆ. ತೂಕ ನಿಂತಿತು.

ಅಡುಗೆ ಕಲಿಸಿದ್ದು ಓನರ್ ಆಂಟಿಯೇ. ನನಗೆ ತೆಂಗಿನಕಾಯಿ ಅರೆಯದೆ ಸಾರು ಮಾಡಲು ಬರುತ್ತಿರಲಿಲ್ಲ. ಮೈಸೂರು ಕಡೆಯ ಸಾರುಗಳು ಬೇರೆಯೇ ಲೋಕ. ಬಸ್ಸಾರಿಗೆ ಕಾಳು ಸೊಪ್ಪು ಬೇಯಿಸಿ, ನೀರು ಬಸಿದು, ಆ ನೀರಿಗೆ ಮಸಾಲೆ ಅರೆದು ಹಾಕಿ ಕುದಿಸುತ್ತಾರೆ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಕುಕ್ಕರಿನಲ್ಲಿ ಎರಡು ಅಡುಗೆ. ಬೆಳಿಗ್ಗೆ ಓಡಿ ಬಂದು ಒಂಬತ್ತೂವರೆಗೆ ಆಫೀಸು ಮುಟ್ಟಬೇಕಾದವಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಉಪ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿ ಸಾರು ಒಂದೊಂದಾಗಿ ಬಂದವು. ‘ಬರೀ ಓಡ್ತಿಯಲ್ಲವ್ವ, ಉಣ್ಣಾದು ಯಾವಾಗ?’ ಎನ್ನುತ್ತಾ ಆಂಟಿ ಒಂದು ಮುದ್ದೆ ತಟ್ಟೆಗೆ ಹಾಕಿ ಕಳಿಸುತ್ತಿದ್ದರು. ರಾಗಿಯ ಬಗ್ಗೆ ಸುಮ್ನೆ ಹೊಗಳುತ್ತಾರೆ ಅಂದುಕೊಂಡಿದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ ಇರುವುದರ ಮೂರು ಪಟ್ಟು. ಮೂಳೆಯ ಮೇಲೆ ದಿನಾ ಭಾರ ಹಾಕುವ ಓಟಗಾರರಿಗೆ ಇದು ಸಣ್ಣ ವಿಷಯ ಅಲ್ಲ. ನುಂಗಲು ಮಾತ್ರ ಕಲಿಯಬೇಕಾಯಿತು. ಅಗಿದಾಗೆಲ್ಲ ಆಂಟಿ ನಕ್ಕರು.

ಮುದ್ದೆ ಉಂಡ ರಾತ್ರಿಯ ಮರುದಿನ ಲಾಂಗ್ ರನ್ ಇದ್ದರೆ ಅದೊಂದು ಬೇರೆ ಪಾಠ. ಶನಿವಾರ ರಾತ್ರಿ ಮೊಳಕೆ ಹುರುಳಿ ಸಾರು, ಮುದ್ದೆ, ಸೊಪ್ಪಿನ ಪಲ್ಯ. ಭಾನುವಾರ ಬೆಳಿಗ್ಗೆ 26 ಕಿಲೋಮೀಟರ್. ಹದಿನೈದು ದಾಟುವಷ್ಟರಲ್ಲಿ ಹೊಟ್ಟೆ ತಿರುಚಿ, ರಿಂಗ್ ರೋಡಿನ ಪೆಟ್ರೋಲ್ ಬಂಕಿನವರ ಕೈಕಾಲು ಹಿಡಿಯಬೇಕಾಯಿತು. ಕೋಚ್ ನಕ್ಕು ಹೇಳಿದರು: ಲಾಂಗ್ ರನ್ ಹಿಂದಿನ ದಿನ ಪಥ್ಯದವರ ಊಟ ಮಾಡು. ಅಂದರೆ ಬಿಳಿ ಅನ್ನ, ತಿಳಿಸಾರು, ಮೊಸರು. ಕಾಳಿಲ್ಲ, ಸೊಪ್ಪಿಲ್ಲ, ಮುದ್ದೆಯಿಲ್ಲ. ವಾರವೆಲ್ಲ ಒಳ್ಳೆಯದು ಅಂತ ತಿಂದದ್ದನ್ನು ಆ ಒಂದು ದಿನ ಬಿಡಬೇಕು. ಬೆಳಿಗ್ಗೆ ನಾಲ್ಕಕ್ಕೆ ಎರಡು ಇಡ್ಲಿ ಸಕ್ಕರೆ ಜೊತೆ, ಒಂದು ಬಾಳೆಹಣ್ಣು. ನಂಜನಗೂಡು ರಸಬಾಳೆ ಸಿಕ್ಕಿದರೆ ಅದು, ಇಲ್ಲದಿದ್ದರೆ ಪಚ್ಚಬಾಳೆ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅದಕ್ಕೆ ಜೆಲ್, ಖರ್ಜೂರ, ಉಪ್ಪು ಬೆರೆಸಿದ ಬೆಲ್ಲದ ನೀರು. ಈ ವಿಷಯದಲ್ಲಿ ಸಸ್ಯಾಹಾರದಿಂದ ಒಂದಿಷ್ಟೂ ತೊಂದರೆ ಇಲ್ಲ. ಓಟದ ಎಣ್ಣೆಯೇ ಅನ್ನ, ಬಾಳೆಹಣ್ಣು, ಬೆಲ್ಲ. ಜೊತೆಯವರು ಬ್ರೆಡ್ಡು ಪಾಸ್ತಾ ಹುಡುಕುವಾಗ ನಾನು ಮೊಸರನ್ನ ಕಲೆಸಿಕೊಂಡು ಕೂರುತ್ತಿದ್ದೆ.

ನಿಜವಾದ ತೊಂದರೆ ಬಂದದ್ದು ದಸರಾ ಹೊತ್ತಿಗೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರದ ಮೇಲಿವೆ. ವಾರಕ್ಕೊಮ್ಮೆ ಹತ್ತುವುದು ನಮ್ಮ ಗುಂಪಿನ ರೂಢಿ. ನಂದಿಯ ಹತ್ತಿರ ಬರುವಷ್ಟರಲ್ಲಿ ಉಸಿರು ಕಟ್ಟತೊಡಗಿತು. ಮೊದಲೆಲ್ಲ ಹೀಗಿರಲಿಲ್ಲ. ಸಮತಟ್ಟಿನಲ್ಲಿ, ಮಾತಾಡುತ್ತಾ ಓಡುತ್ತಿದ್ದ ಪೇಸಿನಲ್ಲೇ ಹೃದಯದ ಬಡಿತ ಹತ್ತು ಹನ್ನೆರಡು ಜಾಸ್ತಿ. ಕಾಲು ನೋಯುತ್ತಿರಲಿಲ್ಲ, ಸುಮ್ನೆ ಭಾರ. ಬೆಳಿಗ್ಗೆ ಏಳಲು ಮನಸ್ಸಿಲ್ಲ. ದಸರಾ ದೀಪ ನೋಡಲು ಗೆಳತಿಯರ ಜೊತೆ ನಡೆಯುವಾಗಲೂ ಎಲ್ಲಾದರೂ ಕೂರೋಣ ಅನ್ನುತ್ತಿದ್ದೆ. ‘ಪ್ರೋಟೀನ್ ಸಾಲ್ತಿಲ್ಲ, ನೋಡು’ ಎಂದು ಗುಂಪಿನಲ್ಲಿ ತೀರ್ಪು ಬಂತು. ಒಬ್ಬರು ಪೌಡರ್ ಡಬ್ಬಿಯನ್ನೇ ತಂದುಕೊಟ್ಟರು.

ಕ್ರೀಡಾ ವೈದ್ಯರ ಹತ್ತಿರ ಹೋದೆ. ಅವರು ಪ್ರೋಟೀನ್ ಬಗ್ಗೆ ಹೆಚ್ಚು ಕೇಳಲೇ ಇಲ್ಲ. ಮುಟ್ಟಿನ ಬಗ್ಗೆ ಕೇಳಿದರು. ಕಾಫಿ ಟೀ ಬಗ್ಗೆ ಕೇಳಿದರು. ವಾರಕ್ಕೆ ಎಷ್ಟು ಓಡುತ್ತಿದ್ದೀರಿ ಅಂತ ಕೇಳಿದರು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್, ಬಿ12 ಬರೆದುಕೊಟ್ಟರು. ಹಿಮೋಗ್ಲೋಬಿನ್ 12.1 ಬಂತು. ಲ್ಯಾಬಿನ ಚೀಟಿಯಲ್ಲಿ ಅದು ಸರಿ ಅಂತಲೇ ಇತ್ತು. ಫೆರಿಟಿನ್ ಮಾತ್ರ 14. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಅಂಕಿ ಅದು. 15ಕ್ಕಿಂತ ಕೆಳಗೆ ಇಳಿದರೆ ಉಗ್ರಾಣ ಖಾಲಿ ಅಂತ ಲೆಕ್ಕ. ದೂರ ಓಡುವವರಿಗೆ 30ರ ಮೇಲಾದರೂ ಇರಲಿ ಎಂಬುದು ಈ ವೈದ್ಯರ ಮಾತು. ರಕ್ತಹೀನತೆ ಬರುವ ಮುಂಚೆ ಮೊದಲು ಖಾಲಿಯಾಗುವುದು ಇದೇ. ಹಿಮೋಗ್ಲೋಬಿನ್ ಒಂದನ್ನೇ ನೋಡಿದ್ದರೆ ನನಗೆ ಏನೂ ಆಗಿಲ್ಲ ಅಂತ ಮನೆಗೆ ಕಳಿಸುತ್ತಿದ್ದರು.

ಮೀನು ಬಿಟ್ಟದ್ದರಿಂದಲೇ ಹೀಗಾಯಿತಾ ಎಂದು ಕೇಳಿದೆ. ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ ಅಂದರು. ತಿಂಗಳು ತಿಂಗಳು ರಕ್ತ ಹೋಗುತ್ತದೆ. ಪಾದ ನೆಲಕ್ಕೆ ಬಡಿದಾಗ ಒಂದಷ್ಟು ಕೆಂಪು ಕಣ ಒಡೆಯುತ್ತವೆ. ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ. ಇದೆಲ್ಲ ಓಟ ಜಾಸ್ತಿಯಾದಂತೆ ಜಾಸ್ತಿ. ನನ್ನ ಓಟ ಏರಿದ್ದೂ, ಊಟ ಬದಲಾದದ್ದೂ ಒಟ್ಟೊಟ್ಟಿಗೆ. ಮೀನು ಕೋಳಿ ತಿನ್ನುವ ಓಟಗಾರ್ತಿಯರಲ್ಲೂ ಇದು ಸಾಮಾನ್ಯವಂತೆ. ಐಸಿಎಂಆರ್ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕಾದರೆ ಹೆಂಗಸರಿಗೆ 29 ಬೇಕು.

ಊಟದ ಪಾತ್ರ ಇಲ್ಲ ಅಂತಲೂ ಅಲ್ಲ. ಬಂಗುಡೆಯಲ್ಲಿ ಕಬ್ಬಿಣವೇನೂ ತುಂಬಿ ತುಳುಕುವುದಿಲ್ಲ. ಹುರುಳಿಯಲ್ಲೇ ಅದಕ್ಕಿಂತ ಜಾಸ್ತಿ. ಆದರೆ ಮೀನು, ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ. ಇನ್ನೂ ಒಂದು ವಿಷಯ ನನಗೆ ಹೊಸದು. ತಟ್ಟೆಯಲ್ಲಿ ಒಂದು ತುಂಡು ಮೀನಿದ್ದರೆ ಪಕ್ಕದ ಸೊಪ್ಪು ಕಾಳಿನ ಕಬ್ಬಿಣವೂ ಚೆನ್ನಾಗಿ ಹತ್ತುತ್ತದೆ. ನಾನು ಮೀನು ಬಿಟ್ಟಾಗ ಮೀನಿನ ಜೊತೆ ಆ ಸಹಾಯವೂ ಹೋಯಿತು. ಕಾಳು, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಫಿ, ಟೀ ಕೂಡ ಹಾಗೆಯೇ, ಟೀ ಇನ್ನೂ ಜಾಸ್ತಿ. ಮೈಸೂರಿನಲ್ಲಿ ತಿಂಡಿಯ ಬೆನ್ನಿಗೆ ಫಿಲ್ಟರ್ ಕಾಫಿ ಬಾರದಿದ್ದರೆ ತಿಂಡಿ ಮುಗಿದಂತೆಯೇ ಅಲ್ಲ. ವೈದ್ಯರು ಕಾಫಿ ಬಿಡಿ ಅನ್ನಲಿಲ್ಲ. ಊಟ ತಿಂಡಿಯಿಂದ ಒಂದೆರಡು ಗಂಟೆ ದೂರ ಇಡಿ ಅಂದರು. ಮೀನು ಬಿಡುವುದಕ್ಕಿಂತ ನನಗೆ ಇದೇ ಕಷ್ಟವಾಯಿತು. ಮೀನು ಕುಂದಾಪುರದಲ್ಲಿತ್ತು, ಕಾಫಿ ಮೂಗಿನ ಕೆಳಗೇ ಇತ್ತು.

ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದರು. ಒಂದು ಮಾತ್ರೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಮರುದಿನದ ಮಾತ್ರೆಗೆ ಬಾಗಿಲು ಹಾಕುತ್ತದಂತೆ. ಜೋರಾಗಿ ಓಡಿದ ಕೆಲವು ಗಂಟೆ ಬಿಟ್ಟೂ ಅದು ಏರುತ್ತದೆ. ಅದಕ್ಕೆ ಬೆಳಿಗ್ಗೆ ಓಡಿ ಬಂದ ಕೂಡಲೇ, ನಿಂಬೆ ಶರಬತ್ತಿನ ಜೊತೆ ಮಾತ್ರೆ. ವಿಟಮಿನ್ ಸಿ ಇದ್ದರೆ ಗಿಡದ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಇದನ್ನು ಕೇಳಿದ ಮೇಲೆ ನಮ್ಮ ಅಡುಗೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ಕೋಸಂಬರಿಗೆ ನಿಂಬೆಹುಳಿ ಹಿಂಡುತ್ತೇವೆ. ಉಸ್ಲಿಗೂ ಹಿಂಡುತ್ತೇವೆ. ಕಾಳು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ, ಹೊಟ್ಟೆ ಉಬ್ಬರವೂ ಕಡಿಮೆ. ನಾನು ಮಾಡಿದ ಬದಲಾವಣೆ ಇಷ್ಟೇ: ಮಧ್ಯಾಹ್ನದ ಡಬ್ಬಿಗೆ ಅರ್ಧ ನಿಂಬೆಹಣ್ಣು, ಇಲ್ಲದಿದ್ದರೆ ಒಂದು ಸೀಬೆಹಣ್ಣು. ಹಾಲನ್ನು ಊಟದ ಹೊತ್ತಿನಿಂದ ತೆಗೆದು ಮಲಗುವ ಮುಂಚೆಗೆ ಹಾಕಿದೆ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಹೀಗೆ ನೋಡುತ್ತಾ ಹೋದರೆ ಒಂದಕ್ಕೊಂದು ಆಗದ ನೆಂಟರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದ ಹಾಗೆ.

ಇದನ್ನು ಓದಿ ಯಾರೂ ತಾವಾಗಿ ಕಬ್ಬಿಣದ ಮಾತ್ರೆ ನುಂಗಬೇಡಿ. ಕಬ್ಬಿಣ ಜಾಸ್ತಿಯಾದರೂ ಅಪಾಯವೇ. ರಕ್ತ ಪರೀಕ್ಷೆ ಮೊದಲು.

ಬಿ12 ಸದ್ಯಕ್ಕೆ ಸರಿಯಾಗಿತ್ತು. ಅದರಿಂದ ಖುಷಿಪಡುವುದೇನೂ ಇಲ್ಲ ಅಂದರು ವೈದ್ಯರು. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ಕೂಡಿರುತ್ತದೆ. ನಾನು ಅಲ್ಲಿಯವರೆಗೆ ತಿಂದ ಮೀನಿನ ಲೆಕ್ಕ ಅದು. ಆರು ತಿಂಗಳು ಸಸ್ಯಾಹಾರ ಮಾಡಿದೆ, ಏನೂ ಆಗಲಿಲ್ಲ ಅನ್ನುವವರ ಮಾತಿಗೆ ಬಿ12 ವಿಷಯದಲ್ಲಿ ಬೆಲೆ ಇಲ್ಲ, ನನ್ನದೂ ಸೇರಿ. ಅರ್ಧ ಲೀಟರ್ ಹಾಲಿನಲ್ಲಿ ಒಂದು ದಿನಕ್ಕೆ ಬೇಕಾದಷ್ಟರ ಹತ್ತಿರ ಸಿಗುತ್ತದೆ. ಹಾಲನ್ನೂ ಬಿಡುವವರು ಮಾತ್ರೆ ತೆಗೆದುಕೊಳ್ಳಲೇಬೇಕು. ಸೊಪ್ಪು ಕಾಳಿನಲ್ಲಿ ಅದು ಇಲ್ಲ.

ಬಂಗುಡೆಯ ಒಮೆಗಾ 3 ಕೊಬ್ಬಿಗೆ ಬದಲಾಗಿ ಧಾರವಾಡದ ಸಹೋದ್ಯೋಗಿ ಅಗಸೆ ಚಟ್ನಿಪುಡಿ ತಂದುಕೊಟ್ಟಳು. ಅಗಸೆಯಲ್ಲಿರುವ ಕೊಬ್ಬು ಮೀನಿನದರಂತೆ ನೇರವಾಗಿ ಸಿಗುವುದಲ್ಲ, ಮೈಯಲ್ಲಿ ಬದಲಾಗುವುದು ಸ್ವಲ್ಪ ಮಾತ್ರ. ರೊಟ್ಟಿ ಜೊತೆ ರುಚಿ ಮಾತ್ರ ಬಹಳ ಚೆನ್ನ. ಅಷ್ಟು ಸಾಕು.

ದೀಪಾವಳಿಗೆ ಊರಿಗೆ ಹೋದೆ. ಹಬ್ಬದ ದಿನಗಳಲ್ಲಿ ಮನೆಯಲ್ಲಿ ಮೀನಿಲ್ಲ, ಹಾಗಾಗಿ ನಡೆಯಿತು. ಹಬ್ಬ ಕಳೆದ ಮರುದಿನ ಅಣ್ಣ ಬಂಗುಡೆ ತಂದ. ತವಾದ ಮೇಲೆ ಮಸಾಲೆ ಕಾಯುವ ಪರಿಮಳಕ್ಕೆ ನಾನು ಹಿತ್ತಲಿಗೆ ಎದ್ದುಹೋದೆ. ಅಮ್ಮ ಏನೂ ಹೇಳದೆ ಹುರ್ಳಿ ಸಾರು ಮಾಡಿಟ್ಟಿದ್ದಳು. ಕುಚ್ಚಲಕ್ಕಿ ಗಂಜಿ, ಹುರ್ಳಿ ಸಾರು, ಮಾವಿನ ಮಿಡಿ ಉಪ್ಪಿನಕಾಯಿ. ಚಿಕ್ಕಂದಿನಿಂದ ಉಂಡದ್ದೇ. ಮೈಸೂರಿನಲ್ಲಿ ಪುಸ್ತಕ ಹಿಡಿದು ಲೆಕ್ಕ ಹಾಕಿ ಹುಡುಕಿದ ಕಾಳು ನಮ್ಮ ಅಟ್ಟದ ಡಬ್ಬಿಯಲ್ಲಿ ಯಾವತ್ತೂ ಇತ್ತು. ಮೀನಿನ ಪಕ್ಕದಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ‘ಫೆರಿಟಿನ್ ಅಂದ್ರೆ ಎಂತದ್?’ ಎಂದು ಅಮ್ಮ ಕೇಳಿದಳು. ರಕ್ತದ ಉಳಿತಾಯ ಖಾತೆ ಅಂದೆ. ಬ್ಯಾಂಕಿನವಳ ಬಾಯಲ್ಲಿ ಅದೇ ಬರುವುದು ಅಂತ ಅಣ್ಣ ನಕ್ಕ.

ನವೆಂಬರ್ ಕಳೆಯುವ ಹೊತ್ತಿಗೆ ಬೆಟ್ಟ ಸ್ವಲ್ಪ ಹಗುರಾಯಿತು. ಕೋಚ್ ಓಟವನ್ನೂ ಕೆಲವು ವಾರ ಇಳಿಸಿದ್ದರು. ಮಾತ್ರೆಯಿಂದಲೋ, ವಿಶ್ರಾಂತಿಯಿಂದಲೋ, ನಿಂಬೆಹುಳಿಯಿಂದಲೋ ಬಿಡಿಸಿ ಹೇಳಲು ಬರುವುದಿಲ್ಲ. ಮರುಪರೀಕ್ಷೆಯಲ್ಲಿ ಫೆರಿಟಿನ್ 27. ಆಮೇಲೆ ಅವರೆಕಾಯಿ ಕಾಲ ಬಂತು. ಡಿಸೆಂಬರಿನ ದೇವರಾಜ ಮಾರುಕಟ್ಟೆಯಲ್ಲಿ ಸೊಗಡು ಅವರೆಯ ರಾಶಿ ನೋಡಿದವರಿಗೆ ಸಸ್ಯಾಹಾರ ಒಂದು ತ್ಯಾಗ ಅಂತ ಹೇಳಿದರೆ ನಗು ಬರುತ್ತದೆ. ಸಂಜೆ ಆಂಟಿ ಜೊತೆ ಕೂತು ನೆನೆದ ಕಾಳು ಹಿತುಕುತ್ತಾ ಧಾರಾವಾಹಿ ನೋಡುವುದು ಅಭ್ಯಾಸವಾಯಿತು. ಹಿತಕಿದಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿಗೂ ಅವರೆಕಾಳು. ಆ ತಿಂಗಳು ಪ್ರೋಟೀನ್ ಲೆಕ್ಕ ಬರೆಯುವುದನ್ನೇ ನಿಲ್ಲಿಸಿದೆ. 32 ಕಿಲೋಮೀಟರಿನ ಓಟ ವರುಣಾ ಕಡೆ ಮುಗಿಸಿ ಬಂದು ಉಂಡ ಅವರೆ ಸಾರು ಆ ವರ್ಷದ ಒಳ್ಳೆಯ ಊಟ.

ಮುಂಬೈಗೆ ಎರಡು ದಿನ ಮುಂಚೆ ಹೋಗಿ ದೊಡ್ಡಮ್ಮನ ಮನೆಯಲ್ಲಿ ಇಳಿದೆ. ಮ್ಯಾರಥಾನ್ ಹಿಂದಿನ ದಿನ ಅನ್ನ ಸಾರು ಎಲ್ಲಿ ಸಿಗುತ್ತದೆ ಎಂಬ ಚಿಂತೆ ಕನ್ನಡದವರಿಗೆ ಆ ಊರಲ್ಲಿ ಬೇಡ. ಮಾಟುಂಗ ಇದೆ. 1942ರಲ್ಲಿ ರಾಮ ನಾಯಕರು ಶುರು ಮಾಡಿದ ಉಡುಪಿ ಊಟದ ಮನೆಗೆ ದೊಡ್ಡಪ್ಪ ಕರೆದುಕೊಂಡು ಹೋದರು. ಬಾಳೆಲೆ, ಬಿಳಿ ಅನ್ನ, ತಿಳಿಸಾರು, ಮೊಸರು. ಪಲ್ಯ, ಕಾಳು ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ. ಬಡಿಸುವವರಿಗೆ ಬೇಸರವಾಯಿತು. ಅವರಿಗೆ ಹೊಟ್ಟೆಯ ಕಥೆ ಹೇಗೆ ಹೇಳುವುದು?

ಓಟ ಶುರುವಾಗುವುದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರು, ಇನ್ನೂ ಕತ್ತಲಿರುವಾಗ. ಸೀ ಲಿಂಕ್ ಮೇಲೆ ಗಾಳಿ ಸಿಗುತ್ತದೆ. ಬಿಸಿಲು ಏರಿದ ಮೇಲೆ ಬೆವರು ಒಣಗುವುದೇ ಇಲ್ಲ, ನಮ್ಮ ಕುಂದಾಪುರದ ಹಾಗೇ. ಬೀದಿ ಬದಿಯಲ್ಲಿ ಮನೆಯವರೆಲ್ಲ ನಿಂತು ಕಿತ್ತಳೆ ತೊಳೆ, ಬಿಸ್ಕತ್ತು, ಚಿಕ್ಕಿ ಕೊಡುತ್ತಾರೆ. ಚಿಕ್ಕಿ ಮಾತ್ರ ತೆಗೆದುಕೊಂಡೆ. 35 ದಾಟಿದ ಮೇಲೆ ಪೆಡ್ಡರ್ ರಸ್ತೆಯ ಏರು. ಹಿಂದಿನ ಮ್ಯಾರಥಾನ್‌ನಲ್ಲಿ ಆ ಹೊತ್ತಿಗೆ ನಾನು ನಡೆಯುತ್ತಿದ್ದೆ. ಈ ಸಲ ಏರಿನಲ್ಲೂ ಓಡಿದೆ, ಬಹಳ ನಿಧಾನವಾಗಿ, ಪಕ್ಕದಲ್ಲಿ ನಡೆಯುವವರಿಗಿಂತ ಸ್ವಲ್ಪವೇ ಜೋರಾಗಿ. 4 ಗಂಟೆ 19 ನಿಮಿಷ. ಹಳೆಯ ಸಮಯಕ್ಕಿಂತ 14 ನಿಮಿಷ ಕಡಿಮೆ.

ಮೈಸೂರಿಗೆ ಬಂದಾಗ ಎಲ್ಲರಿಗೂ ಬೇಕಿದ್ದದ್ದು ಒಂದೇ ಉತ್ತರ. ಸಸ್ಯಾಹಾರದಿಂದ ಹೀಗಾಯಿತಾ, ಸಸ್ಯಾಹಾರ ಇದ್ದರೂ ಹೀಗಾಯಿತಾ? ವಾರಕ್ಕೆ 40 ಕಿಲೋಮೀಟರ್ ಓಡುತ್ತಿದ್ದವಳು 65 ಓಡಿದರೆ ಏನು ತಿಂದರೂ ಸಮಯ ಇಳಿಯುತ್ತದೆ ಅಂತ ಕೋಚ್ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ತರಕಾರಿ ತಿಂದು ಮೈ ಹಗುರಾಯಿತು, ಬುದ್ಧಿ ಚುರುಕಾಯಿತು ಅಂತ ಬರೆದರೆ ಕೆಲವರಿಗೆ ಖುಷಿಯಾಗಬಹುದು. ನನಗೆ ಅಂಥದ್ದೇನೂ ಆಗಲಿಲ್ಲ. ಸುಸ್ತಾಗಿ ಕುಸಿದೆ ಅಂತಲೂ ಅಲ್ಲ. ಸಸ್ಯಾಹಾರದಲ್ಲಿ ಮ್ಯಾರಥಾನ್ ತಯಾರಿ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಕೆಲಸ ಜಾಸ್ತಿ, ಅಷ್ಟೇ. ಕಾಳು ನೆನೆಹಾಕುವುದನ್ನು ಹಿಂದಿನ ರಾತ್ರಿ ಮರೆತರೆ ಮರುದಿನ ಡಬ್ಬಿಗೆ ಏನೂ ಇಲ್ಲ. ಮನೆಯಲ್ಲಿ ಬೇಯಿಸಿ ಹಾಕುವ ಹೆಂಡತಿ ಅಥವಾ ಅಮ್ಮ ಇರುವ ಗಂಡಸರು ಇದು ಬಹಳ ಸುಲಭ ಅಂದಾಗ ನಾನು ಅವರ ಮುಖ ನೋಡುತ್ತೇನೆ.

ಈಗ ನಡೆಯುತ್ತಿರುವುದು ಹೀಗೆ. ಮೈಸೂರಿನ ಒಲೆಯ ಮೇಲೆ ಬಸ್ಸಾರು, ಊರಿಗೆ ಹೋದಾಗ ಬಂಗುಡೆ. ಮೊಟ್ಟೆ ಮಾತ್ರ ವಾರಕ್ಕೆ ಮೂರ್ನಾಲ್ಕು ದಿನ ಆಫೀಸಿನ ಹತ್ತಿರದ ಗಾಡಿಯಲ್ಲಿ ತಿನ್ನುತ್ತೇನೆ. ಅದು ಆಂಟಿಗೂ ಗೊತ್ತು. ಫೆರಿಟಿನ್ ಈಗ 38. ಓಟದ ಪಟ್ಟಿ ಏರಿಸುವ ಮುಂಚೆ ಒಮ್ಮೆ, ನಡುವಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸುತ್ತೇನೆ. ನಮ್ಮ ಗುಂಪಿನ ಇನ್ನಿಬ್ಬರು ಹುಡುಗಿಯರೂ ಮಾಡಿಸಿದರು. ಅವರಲ್ಲಿ ವಾರವಿಡೀ ಕೋಳಿ ತಿನ್ನುವವಳದ್ದು 11 ಬಂತು. ಈಗ ಓಟ ಮುಗಿಸಿ ಕಾಫಿಗೆ ಕೂತಾಗ ಅವಳೂ ನಾನೂ ಮೊದಲು ನಿಂಬೆ ಶರಬತ್ತು ಕೇಳುತ್ತೇವೆ. ಉಳಿದವರ ಎರಡನೇ ಕಾಫಿಯ ಹೊತ್ತಿಗೂ ನಮ್ಮ ಸರದಿ ಬಂದಿರುವುದಿಲ್ಲ. ಸೋಯಾ ಚಂಕ್ಸ್ ಪ್ಯಾಕೆಟ್ ಒಂದು ಇನ್ನೂ ಶೆಲ್ಫಿನಲ್ಲಿದೆ. ಬೇಕಾದವರು ತೆಗೆದುಕೊಂಡು ಹೋಗಬಹುದು.